ಉಪಕಸುಬಿನ ಸವಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಯಲ್ಲಿ ಹುಟ್ಟಿದವರಿಗೆ ಕೈಮಾಡಿ ಗಾಡಿ ನಿಲ್ಲಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕ್ರಾಸಿನ ಬೇವಿನ ಗಿಡದ ಕೆಳಗೆ ನಿಂತಾಗ ಬಸ್ಸು ಬಂದರೆ ಬಸ್ಸು. ಇಲ್ಲದಿದ್ದರೆ ಹಾಲಿನ ಗಾಡಿ, ಗೊಬ್ಬರದ ಚೀಲ ಇಳಿಸಿ ಖಾಲಿ ಹೊರಟ ಟಾಟಾ ಏಸ್, ಕಾರ್ಖಾನೆಗೆ ಕಬ್ಬು ಹಾಕಿ ಮರಳುವ ಟ್ರ್ಯಾಕ್ಟರ್. ಚಾಲಕ ‘ಎಲ್ಲಿಗ್ರಿ?’ ಅಂತಾನೆ. ಊರ ಹೆಸರು ಹೇಳಿದರೆ ‘ಹತ್ರಿ ಹಿಂದ’ ಅಂತಾನೆ. ಇಳಿಯುವಾಗ ಹತ್ತೋ ಇಪ್ಪತ್ತೋ ಕೊಟ್ಟರೆ ಇಸಿದುಕೊಳ್ಳುತ್ತಾನೆ. ವಯಸ್ಸಾದವರು ಸೆರಗಿನ ಗಂಟು ಬಿಚ್ಚತೊಡಗಿದರೆ ‘ಇರಲಿ ಬಿಡ ಆಯಿ’ ಅಂತ ಗೇರು ಹಾಕಿ ಹೊರಡುತ್ತಾನೆ. ಈ ಒಳ್ಳೆಯತನವನ್ನು ನಾನು ಚಿಕ್ಕಂದಿನಿಂದ ಉಂಡವನು. ಆದ್ದರಿಂದಲೇ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು ಅನ್ನಿಸುತ್ತದೆ.

ನಮ್ಮ ಕಡೆ ದೂರಗಳು ಬಹಳ. ಇಂಡಿಗೆ ರೈಲಿದೆ ಎಂದು ನಂಬಿ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದವರಿಗೆ ಪೇಟೆ ಇನ್ನೂ ಹತ್ತು ಕಿಲೋಮೀಟರಿನಷ್ಟು ಮುಂದಿರುತ್ತದೆ. ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಷನ್ ಇರುವುದು ತೆಲಗಿಯಲ್ಲಿ. ಸಿಂದಗಿ ಮತ್ತು ಮುದ್ದೇಬಿಹಾಳದವರಿಗೆ ರೈಲಿನ ಮಾತೇ ಇಲ್ಲ. ಊರಿಗೆ ರಾತ್ರಿ ಬಂದು ಮಲಗಿ, ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು ಇದ್ದ ಹಳ್ಳಿ ಭಾಗ್ಯವಂತ ಹಳ್ಳಿ. ಅದು ಹೋದ ಮೇಲೆ ಮುಂದಿನ ಬಸ್ಸಿನವರೆಗೆ ಊರಿಗೂ ತಾಲೂಕಿಗೂ ನಡುವೆ ಓಡಾಡುವುದು ಇಂಥ ಗಾಡಿಗಳೇ. ಇವು ಯಾವುವೂ ಜನರನ್ನು ಸಾಗಿಸಲಿಕ್ಕೆಂದು ಕೊಂಡ ಗಾಡಿಗಳಲ್ಲ. ಮಾಲಕರ ಕಸುಬು ಬೇರೆ ಇರುತ್ತದೆ, ಸವಾರಿ ಉಪಕಸುಬು.

ಇಂಡಿ ತಾಲೂಕಿನ ನಮ್ಮ ಪರಿಚಯದವನೊಬ್ಬ ಲಿಂಬಿಕಾಯಿ ವ್ಯಾಪಾರಿ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಬೇರೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆತ ನಸುಕಿನಲ್ಲಿ ತೋಟಗಳಿಂದ ಚೀಲ ಎತ್ತಿ ವಿಜಯಪುರದ ಮಾರ್ಕೆಟ್ಟಿಗೆ ಹಾಕಿ ಬರುತ್ತಾನೆ. ಮರಳುವಾಗ ಗಾಡಿ ಖಾಲಿ, ಹಾದಿಯಲ್ಲಿ ಕೈಮಾಡಿದವರನ್ನು ಹತ್ತಿಸಿಕೊಳ್ಳುತ್ತಾನೆ. ಒಂದು ದಿನ ಚಹಾ ಕುಡಿಯುತ್ತ ಕೇಳಿದ: “ಅಣ್ಣಾರ, ನಂದು ಧಂದೆ ಲಿಂಬಿಕಾಯಿದು. ಮಂದಿನ್ನ ಹತ್ತಿಸ್ಕೊಳ್ಳೂದು ಡೀಸೆಲ್ ಖರ್ಚಿಗಿ. ಇಷ್ಟಕ್ಕೂ ಪರ್ಮಿಟ್ ಬೇಕಂತ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬ್ರು ಅಂತಾರ. ನನ್ನ ಗಾಡಿಗಿ ಪರ್ಮಿಟ್ಟೇ ಬೇಕಾಗಿಲ್ಲ ಅಂತ ಶೋರೂಮಿನ್ಯಾಗ ಹೇಳ್ಯಾರಲ್ರಿ?”

ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಸಾರಿಗೆ ವಾಹನಗಳಿಗೆಲ್ಲ ಪರ್ಮಿಟ್ ಬೇಕು ಎನ್ನುತ್ತದೆ. ಅದೇ ಕಲಮಿನ ವಿನಾಯಿತಿಗಳ ಪಟ್ಟಿಯಲ್ಲಿ, ಹೇರಿದ ತೂಕವೂ ಸೇರಿ 3,000 ಕಿಲೋ ಮೀರದ ಸರಕಿನ ಗಾಡಿಯ ಹೆಸರಿದೆ. ಟಾಟಾ ಏಸಿನ ತೂಕ ಅದರ ಅರ್ಧದ ಆಸುಪಾಸು. 2005ರಲ್ಲಿ ಈ ಗಾಡಿ ಬಂದ ಮೇಲೆ ಹಳ್ಳಿಯ ಹುಡುಗರು ಸಾಲ ತೆಗೆದು ಮಾಲಕರಾದದ್ದಕ್ಕೆ ಈ ಸಡಿಲಿಕೆಯೂ ಒಂದು ಅನುಕೂಲ. ಆದರೆ ಕಲಮಿನ ಮೊದಲ ಸಾಲನ್ನೇ ಮತ್ತೊಮ್ಮೆ ಓದಬೇಕು. ವಾಹನವನ್ನು ಯಾವ ರೀತಿಯಲ್ಲಿ ಬಳಸಲಾಗುತ್ತಿದೆಯೋ ಆ ರೀತಿಗೆ ಪರ್ಮಿಟ್ ಬೇಕು ಎಂದು ಅದು ಹೇಳುತ್ತದೆ. ನಿಮ್ಮ ಕಸುಬು ಯಾವುದು, ದಿನದ ಗಳಿಕೆಯಲ್ಲಿ ಸವಾರಿಯ ಪಾಲು ಎಷ್ಟು ಎಂದು ಕಾಯ್ದೆ ಕೇಳುವುದೇ ಇಲ್ಲ. ಲಿಂಬಿಕಾಯಿ ಇದ್ದಾಗ ಅದು ವಿನಾಯಿತಿ ಪಡೆದ ಸರಕಿನ ಗಾಡಿ. ದುಡ್ಡು ಕೊಟ್ಟು ಹತ್ತಿದ ಮನುಷ್ಯ ಹಿಂದೆ ನಿಂತ ಕೂಡಲೇ ಅದೇ ಗಾಡಿ ಪರ್ಮಿಟ್ ಇಲ್ಲದ ಪ್ರಯಾಣಿಕರ ವಾಹನ. 2019ರ ತಿದ್ದುಪಡಿಯ ಬಳಿಕ ಕೇಂದ್ರ ಕಾಯ್ದೆಯ 192ಎ ಕಲಮಿನಲ್ಲಿ ಇದಕ್ಕೆ ಬರೆದಿರುವ ದಂಡ 10,000 ರೂಪಾಯಿ, ಜೊತೆಗೆ ಆರು ತಿಂಗಳವರೆಗಿನ ಸೆರೆ.

ಇದನ್ನು ಹೇಳಿದಾಗ ಆತ ಮುಖ ಸಪ್ಪಗೆ ಮಾಡಿಕೊಂಡ. “ಹಂಗಾರ ಬಸ್ಸಿನ ಮ್ಯಾಲ ನಮ್ಮ ಲಿಂಬಿಚೀಲ ಹಾಕ್ತಿದ್ರಲ್ಲ, ಅದಕ್ಕ ಯಾರೂ ಏನೂ ಅನ್ನಲಿಲ್ಲ?” ಅಂದ.

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಿಜವಾಗಿಯೂ ಕೆಂಪು ಬಸ್ಸು ನಮ್ಮ ಕಡೆ ಏನೇನು ಹೊತ್ತಿಲ್ಲ! ಏಣಿ ಹತ್ತಿ ಮೇಲೇರಿಸಿದ ಲಿಂಬೆಯ ಚೀಲ, ಉಳ್ಳಾಗಡ್ಡಿ ಚೀಲ, ದಿನಪತ್ರಿಕೆಯ ಕಟ್ಟು, ಮಗಳ ಮನೆಗೆ ಹೊರಟ ರೊಟ್ಟಿಬುಟ್ಟಿ. ಕಂಡಕ್ಟರ್ ತೂಕ ಅಂದಾಜು ಮಾಡಿ ಲಗೇಜಿನ ಚೀಟಿ ಹರಿಯುತ್ತಿದ್ದ. 2021ರಲ್ಲಂತೂ ಸಾರಿಗೆ ನಿಗಮದವರು ‘ನಮ್ಮ ಕಾರ್ಗೋ’ ಎಂದು ಹೆಸರಿಟ್ಟು ಬಸ್ಸಿನಲ್ಲಿ ಪಾರ್ಸಲ್ ಕಳಿಸುವ ವ್ಯವಸ್ಥೆಯನ್ನೇ ಮಾಡಿದರು. ಜನರ ಗಾಡಿಗೆ ಸರಕು ಉಪಕಸುಬಾದರೆ ಕಾಯ್ದೆ ಒಪ್ಪುತ್ತದೆ. ಬಸ್ಸಿನ ಪರ್ಮಿಟ್ಟಿನಲ್ಲಿ ಷರತ್ತು ಹಾಕಿ ಸರಕು ಸಾಗಿಸಲು ಅನುಮತಿ ಕೊಡಬಹುದೆಂದು ಅದೇ 66ನೇ ಕಲಂ ಹೇಳುತ್ತದೆ. ಸರಕಿನ ಗಾಡಿಗೆ ಜನ ಉಪಕಸುಬಾದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಮೇಲ್ನೋಟಕ್ಕೆ ಪಕ್ಷಪಾತ ಅನ್ನಿಸಬಹುದು. ನನಗೆ ಅದರಲ್ಲಿ ದೊಡ್ಡ ನ್ಯಾಯ ಕಾಣುತ್ತದೆ. ಬಸ್ಸಿನ ಮೇಲಿಂದ ಚೀಲ ಬಿದ್ದರೆ ಲಿಂಬೆ ಉರುಳಿ ಹೋಗುತ್ತದೆ, ಮರುದಿನ ಲೆಕ್ಕ ಹಚ್ಚಿ ನಷ್ಟ ತುಂಬಿಕೊಡಬಹುದು. ಮನುಷ್ಯ ಬಿದ್ದರೆ ಯಾರು ಏನು ತುಂಬಿಕೊಟ್ಟಾರು?

ಸರಕಿನ ಗಾಡಿಯ ಹಿಂಭಾಗವನ್ನು ಹತ್ತಿರದಿಂದ ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಕಬ್ಬಿಣದ ತಳ, ಮೊಣಕಾಲಿಗೂ ಸರಿಯಾಗಿ ಬಾರದ ಪಕ್ಕದ ಹಲಗೆ, ಹಗ್ಗ ಕಟ್ಟಲು ಹಚ್ಚಿದ ಕೊಂಡಿ. ನಿಂತವರು ಹಿಡಿಯುವುದು ಮುಂದಿನ ಕ್ಯಾಬಿನ್ನಿನ ಅಂಚನ್ನು, ಅದು ಸಿಗದವರು ಹಿಡಿಯುವುದು ಅದನ್ನು ಹಿಡಿದವರ ಹೆಗಲನ್ನು. ಹಿಂದಿನ ಫಾಳಕೆಯ ಕೊಂಡಿಗೆ ಸಿಗಿಸಿದ ಮೊಳೆ ಸವೆದಿದ್ದರೆ ಅದರ ಮೇಲೆ ಕೂತವರ ಜೀವ ಆ ಮೊಳೆಯಲ್ಲಿರುತ್ತದೆ. ಎರಿಭೂಮಿಯ ಹಾದಿ ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನಮ್ಮವರಿಗೆ ನಾನು ವರ್ಣಿಸಬೇಕಾಗಿಲ್ಲ. ಗಾಲಿ ಒಂದು ಮಗ್ಗುಲಿಗೆ ಜಾರಿದರೆ ಸರಕು ಅಲ್ಲೇ ಕೂತಿರುತ್ತದೆ, ನಿಂತ ಜನ ಆ ಮಗ್ಗುಲಿಗೇ ವಾಲುತ್ತಾರೆ. ಗಾಡಿ ಮಗುಚುವುದಕ್ಕೆ ಅದೇ ಸಾಕು.

ಇನ್ನು ಟ್ರ್ಯಾಕ್ಟರಿನ ಮಾತು. ಟ್ರ್ಯಾಕ್ಟರ್ ಇಲ್ಲದೆ ನಮ್ಮಲ್ಲಿ ಜಾತ್ರೆಯಿಲ್ಲ, ಮದುವೆಯಿಲ್ಲ, ಕಬ್ಬಿನ ಗ್ಯಾಂಗಿಲ್ಲ. ಟ್ರೇಲರಿನಲ್ಲಿ ಮೇವು ಹಾಸಿ, ಅದರ ಮೇಲೆ ಜಮಖಾನೆ ಹಾಸಿ, ಹೆಂಗಸರು ಮಕ್ಕಳನ್ನು ಕೂಡಿಸಿ, ಬುತ್ತಿಯ ಗಂಟು ನಡುವೆ ಇಟ್ಟು ಹೊರಟರೆ ಹಾದಿಯುದ್ದಕ್ಕೂ ಸೋಬಾನೆ. ಹುಡುಗರು ಚಾಲಕನ ಎಡಬಲಕ್ಕೆ ಮಡಗಾರ್ಡಿನ ಮೇಲೆ. ಕಾಲಿನ ಪಕ್ಕದಲ್ಲೇ ಆಳೆತ್ತರದ ಗಾಲಿ ತಿರುಗುತ್ತಿರುತ್ತದೆ, ಹಿಡಿಯಲು ಆ ಮಡಗಾರ್ಡಿನ ಅಂಚಿನ ಹೊರತು ಏನಿಲ್ಲ. ಡೆಕ್ಕಿನ ಹಾಡಿನ ಸದ್ದಿಗೆ ಹಿಂದೆ ಯಾರಾದರೂ ಕೂಗಿದರೂ ಚಾಲಕನಿಗೆ ಕೇಳಿಸದು. ನಿಯಮದ ಪ್ರಕಾರ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನವೇ ಅಲ್ಲ. ಹೊಲದ ಕೆಲಸ ಮತ್ತು ಕೃಷಿಯ ಸಾಮಾನು ಸಾಗಣೆ, ಇಷ್ಟಕ್ಕೇ ಅದರ ನೋಂದಣಿ, ಇಷ್ಟಕ್ಕೇ ಅದರ ತೆರಿಗೆಯ ಸೌಲಭ್ಯ, ಇಷ್ಟಕ್ಕೇ ಅದರ ವಿಮೆ.

ವಿಮೆಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳ್ಳಿಯಲ್ಲಿ ಯಾರನ್ನು ಕೇಳಿದರೂ ‘ಇನ್ಸೂರನ್ಸ್ ಅದರಿ’ ಅಂತಾರೆ, ಕಾಗದ ತೋರಿಸುತ್ತಾರೆ. ಆ ಕಾಗದ ಯಾರನ್ನು ಕಾಯುತ್ತದೆ ಎಂಬುದು ಬೇರೆ ಪ್ರಶ್ನೆ. ಸರಕಿನ ಗಾಡಿಯಲ್ಲಿ ಕೂತು ಸತ್ತವರ ಪರಿಹಾರವನ್ನು ವಿಮಾ ಕಂಪನಿ ಕೊಡಬೇಕೋ ಬೇಡವೋ ಎಂದು ಸುಪ್ರೀಂ ಕೋರ್ಟೇ ಎರಡು ಬಾರಿ ಯೋಚಿಸಿದೆ. 1999ರಲ್ಲಿ ಕೊಡಬೇಕು ಎಂದಿತು. 2002ರ ಡಿಸೆಂಬರಿನಲ್ಲಿ ದೊಡ್ಡ ಪೀಠ ಕೂತು ಆ ತೀರ್ಪನ್ನು ಬದಲಿಸಿತು. 1994ರ ತಿದ್ದುಪಡಿಯಲ್ಲಿ ಸರಕಿನ ಮಾಲಕ ಅಥವಾ ಅವನ ಅಧಿಕೃತ ಪ್ರತಿನಿಧಿ ಎಂಬ ಮಾತನ್ನು ಸೇರಿಸಿದ್ದಾರೆ, ಅವರ ಹೊರತು ಸರಕಿನ ಗಾಡಿಯ ಪ್ರಯಾಣಿಕರಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲ ಎಂದಿತು. ಹಾಗಾದರೆ ತನ್ನ ಲಿಂಬಿಚೀಲದ ಜೊತೆ ಬಾಡಿಗೆ ಗಾಡಿಯಲ್ಲಿ ಹೊರಟ ರೈತನಿಗೆ ರಕ್ಷಣೆ ಇದೆ. ಅದೇ ಗಾಡಿಯಲ್ಲಿ ದವಾಖಾನೆಗೆ ಹೊರಟ ಪಕ್ಕದ ಮನೆಯ ಬಾಣಂತಿಗೆ ಇಲ್ಲ. ಚಾಲಕ ದುಡ್ಡು ತೆಗೆದುಕೊಂಡನೋ ಬಿಟ್ಟನೋ, ಅದರಿಂದ ಫರಕು ಬೀಳುವುದಿಲ್ಲ.

ಟ್ರ್ಯಾಕ್ಟರಿಗೆ ಬಂದರೆ ಸರಕಿನ ಮಾಲಕನಿಗೂ ಆ ಆಸರೆ ಸಿಗಲಿಲ್ಲ. ತರಕಾರಿಯ ಜೊತೆ ಟ್ರೇಲರಿನಲ್ಲಿ ಮಾರ್ಕೆಟ್ಟಿಗೆ ಹೊರಟು ಸತ್ತ ವ್ಯಾಪಾರಿಯ ಪ್ರಕರಣದಲ್ಲಿ 2004ರಲ್ಲಿ ಅದೇ ಕೋರ್ಟು, ಟ್ರ್ಯಾಕ್ಟರ್ ಸರಕಿನ ಗಾಡಿ ಅಲ್ಲ, ವಿಮೆ ಕೃಷಿ ಕೆಲಸಕ್ಕೆ ಮಾಡಿಸಿದ್ದು ಎಂದಿತು. ಅದೇ ವರ್ಷ ಮದುವೆ ಮುಗಿಸಿ ಟ್ರಕ್ಕಿನಲ್ಲಿ ಮರಳುತ್ತ ಸತ್ತ ಯುವಕನೊಬ್ಬನ ಪ್ರಕರಣ ಬಂತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಯಾವ ವರ್ಷವಾದರೂ ನಡೆಯಬಹುದಾದ ಘಟನೆ ಅದು. ವಿಮಾ ಕಂಪನಿಗೆ ಹೊಣೆಯಿಲ್ಲ ಎಂದ ಕೋರ್ಟು, ಸತ್ತವರ ಮನೆಯವರು ಇಷ್ಟು ವರ್ಷ ಕಾದಿದ್ದಾರೆ ಎಂದು ಮರುಗಿ, ಮೊದಲು ಕಂಪನಿ ಕೊಡಲಿ, ಆಮೇಲೆ ಗಾಡಿಯ ಮಾಲಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಹೇಳಿತು. ಸಂತ್ರಸ್ತರಿಗೆ ಅದು ನೆರವಾಯಿತು, ಸಂತೋಷ. ವಸೂಲಿ ಮಾತ್ರ ಕೊನೆಗೆ ಬರುವುದು ಮಾಲಕನ ಹೊಲದ ಉತಾರಿನ ಮೇಲೆ. ಬೀಗರ ಮದುವೆಗೆ ಪ್ರೀತಿಯಿಂದ ಗಾಡಿ ಕೊಟ್ಟವನು ಪರಿಹಾರದ ಲಕ್ಷಗಳನ್ನು ತುಂಬಲು ಎರಡೆಕರೆ ಮಾರಬೇಕಾದ ದಿನ ಬಂದರೆ, ಬೀಗತನವೂ ಉಳಿಯುವುದಿಲ್ಲ. 10,000 ರೂಪಾಯಿ ದಂಡಕ್ಕಿಂತ ನಾನು ಜನರಿಗೆ ಮೊದಲು ಹೇಳಬಯಸುವುದು ಇದನ್ನು. ದಂಡದ ಭಯ ಚೆಕ್‌ಪೋಸ್ಟ್ ದಾಟುವ ತನಕ. ಇದರ ಭಾರ ಮಕ್ಕಳ ಕಾಲಕ್ಕೂ ಇಳಿಯುವುದಿಲ್ಲ.

ಬಿಳಿ ಬೋರ್ಡಿನ ಕಾರುಗಳದ್ದೂ ಇದೇ ಕತೆ. ಕಾರು ಮನೆಗೆಂದು ತಗೊಂಡದ್ದು, ಆಷಾಢ ಏಕಾದಶಿ ಬಂತೆಂದರೆ ಪಂಢರಪುರಕ್ಕೆ ನಾಲ್ಕು ಮಂದಿಯನ್ನು ಬಾಡಿಗೆಗೆ ಕರೆದೊಯ್ಯುವುದು. ಇಂಡಿ, ಚಡಚಣದ ಕಡೆಯವರಿಗೆ ಪಂಢರಪುರ ಸಮೀಪ, ನಡುವೆ ರಾಜ್ಯದ ಗಡಿ. ಹಳದಿ ಬೋರ್ಡಿನ ಗಾಡಿಯವರಿಗೆ ಇಡೀ ಗಾಡಿಯ ಬಾಡಿಗೆಯ ಮೇಲೆ ಹೊರರಾಜ್ಯಕ್ಕೆ ಹೋಗಲು 88(8)ನೇ ಕಲಮಿನಡಿ ವಿಶೇಷ ಪರ್ಮಿಟ್ ತೆಗೆಸಲು ದಾರಿಯಿದೆ. ಬಿಳಿ ಬೋರ್ಡಿನವರಿಗೆ ಆ ದಾರಿಯಿಲ್ಲ. ಬಾಡಿಗೆಗೆ ಓಡಿಸಿದ್ದು ಗೊತ್ತಾದರೆ ವಿಮೆಯವರು ಕೈಯೆತ್ತುತ್ತಾರೆ.

ಕ್ರೂಸರ್‌ನವರ ಮಾತು ಸ್ವಲ್ಪ ಬೇರೆ. ಅವರು ಹಳದಿ ಬೋರ್ಡಿನವರು, ಜನರನ್ನು ಸಾಗಿಸುವುದೇ ಅವರ ಮುಖ್ಯ ಕಸುಬು. ಒಬ್ಬೊಬ್ಬರಿಂದ ಬೇರೆಬೇರೆ ಟಿಕೆಟ್ ಹಣ ಪಡೆದು ಹಾದಿಯಲ್ಲಿ ಹತ್ತಿಸಿ ಇಳಿಸುವುದು ಬಸ್ಸಿನ ಪರ್ಮಿಟ್ಟಿನ ಕೆಲಸ, ಒಪ್ಪಂದದ ಗಾಡಿಯದ್ದಲ್ಲ ಎಂಬಲ್ಲಿ ಅವರ ತಂಟೆ. ಟಾಪಿನ ಮೇಲೆ ಜನರನ್ನು ಕೂಡಿಸುವುದಂತೂ 123ನೇ ಕಲಂ ನೇರವಾಗಿ ಬೇಡ ಎಂದದ್ದು. ಇದನ್ನು ಇಷ್ಟಕ್ಕೇ ಬಿಡುತ್ತೇನೆ.

ಉಪಕಸುಬಿನ ಸವಾರಿ ಬಡವರ ಗಾಡಿಗಳಲ್ಲಿ ಮಾತ್ರ ಎಂದು ತಿಳಿಯಬಾರದು. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ, ಇಂಡಿ ತಾಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಒಂದರ ಕಸುಬು ಕರೆಂಟು, ಇನ್ನೊಂದರದ್ದು ಸಕ್ಕರೆ. ಇಂಥ ಯಾವುದೇ ಉದ್ದಿಮೆ ತನ್ನ ನೌಕರರನ್ನು ಕರೆತರಲು ಚಾಲಕನ ಹೊರತು ಆರಕ್ಕಿಂತ ಹೆಚ್ಚು ಮಂದಿ ಕೂಡುವ ಸ್ವಂತ ಗಾಡಿ ಇಟ್ಟರೆ, ಒಂದು ಪೈಸೆ ಬಾಡಿಗೆ ಪಡೆಯದಿದ್ದರೂ ಅದು ಕಾಯ್ದೆಯ ಲೆಕ್ಕದಲ್ಲಿ ಖಾಸಗಿ ಸೇವಾ ವಾಹನ. ಅದಕ್ಕೆ 76ನೇ ಕಲಮಿನಡಿ ಬೇರೆ ಪರ್ಮಿಟ್. ತಾಲೂಕಿನ ಹಳ್ಳಿಗಳಿಂದ ರೋಗಿಗಳನ್ನು ಕರೆತರುವ ಆಸ್ಪತ್ರೆಯ ದೊಡ್ಡ ವ್ಯಾನಿಗೂ, ಗಿರಾಕಿಗಳನ್ನು ಸ್ಟೇಷನ್ನಿನಿಂದ ಕರೆದೊಯ್ಯುವ ಹೋಟೆಲಿನ ಗಾಡಿಗೂ ಇದೇ ಮಾತು ಅನ್ವಯಿಸಬಹುದು. ‘ನಾವು ರೊಕ್ಕ ತಗೋಳಂಗಿಲ್ಲರಿ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಶಾಲೆಗಳದ್ದು ಇನ್ನೂ ಸೂಕ್ಷ್ಮ. ಪಾಠ ಹೇಳುವುದು ಶಾಲೆಯ ಕೆಲಸ, ಮಕ್ಕಳನ್ನು ಕರೆತರುವುದು ಅದಕ್ಕೆ ಅಂಟಿಕೊಂಡು ಬಂದದ್ದು. ಕಾಯ್ದೆ ಅದಕ್ಕೆ ಶಿಕ್ಷಣ ಸಂಸ್ಥೆಯ ಬಸ್ಸು ಎಂದು ಪ್ರತ್ಯೇಕ ಜಾಗವನ್ನೇ ಕೊಟ್ಟಿದೆ. 1997ರಲ್ಲಿ ದಿಲ್ಲಿಯ ಶಾಲಾ ಬಸ್ಸುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತುಗಳ ಬಳಿಕ ದೇಶದ ತುಂಬ ಎಚ್ಚರ ಬೆಳೆಯಿತು. ಬಸ್ಸು ಹಳದಿಯಾಯಿತು. ಆದರೆ ತಾಲೂಕಿನ ರಸ್ತೆಗಳಲ್ಲಿ ಬೆಳಿಗ್ಗೆ ನಿಂತು ನೋಡಿ. ಹಳದಿ ಬಸ್ಸಿನ ಹಿಂದೆಯೇ ಟಂಟಂ ಬರುತ್ತದೆ, ಚಾಲಕನ ಸೀಟಿನ ಎರಡೂ ಬದಿಗೆ ಮಕ್ಕಳು, ಹಿಂದೆ ಹಲಗೆ ಹಾಕಿ ಮಕ್ಕಳು, ಹೊರಗಿನ ಸರಳಿಗೆ ದಪ್ತರಗಳ ಸಾಲು. ಒಬ್ಬ ಸಣ್ಣ ಹುಡುಗ ಚಾಲಕನ ಮೊಣಕೈಗೆ ಒತ್ತಿಕೊಂಡು ಕೂತಿರುತ್ತಾನೆ, ಹ್ಯಾಂಡಲ್ ತಿರುಗಿದಾಗಲೆಲ್ಲ ಅವನೂ ಒಂದಿಷ್ಟು ತಿರುಗುತ್ತಾನೆ. ತಂದೆತಾಯಿಗಳಿಗೆ ಆ ಚಾಲಕ ಪರಿಚಯದವನು, ಊರಿನವನು. ಆ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೂ ಎಂಟು ವರ್ಷದ ಮಗುವನ್ನು ಹಾಗೆ ಕೂಡಿಸಿ ಕಳಿಸಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕಾಯ್ದೆಗೆ ನಮ್ಮ ಬದುಕು ಗೊತ್ತೇ ಇಲ್ಲ ಎಂದು ಯಾರಾದರೂ ಅನ್ನಬಹುದು. ಗೊತ್ತಿದೆ, ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಗೊತ್ತಿದೆ. 66ನೇ ಕಲಮಿನ ವಿನಾಯಿತಿಗಳಲ್ಲಿ, ಹೆಣವನ್ನೂ ಅದರ ಜೊತೆ ಹೊರಟ ದುಃಖಿತರನ್ನೂ ಸಾಗಿಸಲು ಮಾತ್ರ ಬಳಸುವ ವಾಹನದ ಹೆಸರೂ ಇದೆ. ದುಃಖದಲ್ಲಿದ್ದವರು ಪರ್ಮಿಟ್ ಹುಡುಕಿಕೊಂಡು ಅಲೆಯದಿರಲಿ ಎಂದು ಕಾನೂನು ಬರೆದವರಿಗೆ ಹೊಳೆದದ್ದು ನನಗೆ ಗೌರವ ಹುಟ್ಟಿಸುತ್ತದೆ. 87ನೇ ಕಲಂ ಇನ್ನೂ ಹತ್ತಿರದ್ದು. ಜಾತ್ರೆಗೆ, ಧಾರ್ಮಿಕ ಸಭೆಗೆ ಹೋಗಿಬರುವ ಪ್ರಯಾಣಿಕರಿಗಾಗಿ, ಹಂಗಾಮಿನ ವ್ಯಾಪಾರಕ್ಕಾಗಿ, ತಾತ್ಪೂರ್ತಿಕ ಅಗತ್ಯಕ್ಕಾಗಿ ನಾಲ್ಕು ತಿಂಗಳೊಳಗಿನ ತಾತ್ಕಾಲಿಕ ಪರ್ಮಿಟ್ ಕೊಡಬಹುದು ಎನ್ನುತ್ತದೆ, ಮಾಮೂಲು ಪರ್ಮಿಟ್ಟಿನ ಉದ್ದದ ವಿಧಾನಗಳಿಲ್ಲದೆ. ಜಾತ್ರೆ ಎಂದು ಕಾಯ್ದೆಯೇ ಹೇಳಿದೆ! ಗೊಲ್ಲಾಳೇಶ್ವರನ ಗೋಲಗೇರಿ ಜಾತ್ರೆ, ಶ್ರಾವಣದಲ್ಲಿ ಬಾಗೇವಾಡಿಯ ಮೂಲ ನಂದೀಶ್ವರ, ದೀಪಾವಳಿಗೆ ಹುಲಜಂತಿಯ ಮಾಳಿಂಗರಾಯ, ಭೀಮೆಯ ದಂಡೆಯ ಘತ್ತರಗಿ ಭಾಗ್ಯವಂತಿ. ಇವಕ್ಕೆಲ್ಲ ಜನ ಟ್ರೇಲರಿನಲ್ಲಿ ಹೋಗುತ್ತಿರುವಾಗ ಆ ಕಲಂ ಪುಸ್ತಕದಲ್ಲಿ ಸುಮ್ಮನೆ ಕೂತಿರುತ್ತದೆ.

ಟ್ರೇಲರಿಗೆ ಆ ಪರ್ಮಿಟ್ ಸಿಗದು, ಸಿಗಬಾರದು ಕೂಡ. ಆದರೆ ಜಾತ್ರೆಯ ಮೂರು ದಿನ ಹೊಲದಲ್ಲಿ ಟ್ರ್ಯಾಕ್ಟರ್ ನಿಂತಿರಲಿ, ಸೀಟಿರುವ ಗಾಡಿಗಳು ಓಡಲಿ. ಬಸವನ ಬಾಗೇವಾಡಿಯ ಮಿನಿಬಸ್ಸಿನವನು, ಸಿಂದಗಿಯ ಕ್ರೂಸರ್‌ನವನು ಹದಿನೈದು ದಿನ ಮೊದಲೇ ಅರ್ಜಿ ಹಾಕಿ, ಮಾರ್ಗ ಮತ್ತು ದರ ನಿಗದಿ ಮಾಡಿಸಿ, ಕಾಗದಪತ್ರ ನೆಟ್ಟಗಿಟ್ಟುಕೊಂಡು ಜನರನ್ನು ಸಾಗಿಸಲಿ. ವಿಜಯಪುರದ ಸಾರಿಗೆ ಕಚೇರಿಗೆ ಹಳ್ಳಿಯಿಂದ ಎಂಬತ್ತು ಕಿಲೋಮೀಟರ್ ಅಲೆದು ಅರ್ಜಿ ಕೊಡು ಎಂದರೆ ಮುದ್ದೇಬಿಹಾಳದ ಗಾಡಿಯವನು ಕೊಡುವುದಿಲ್ಲ. ತಾಲೂಕಿನಲ್ಲೇ ಒಂದು ದಿನ ಶಿಬಿರ ಹಾಕಿದರೆ ಕೊಡುತ್ತಾನೆ. ಕೆಎ-28 ಎಂಬ ನಂಬರಿನ ಗಾಡಿಗಳೆಲ್ಲ ಈ ಕಚೇರಿಯ ಮಕ್ಕಳೇ ಅಲ್ಲವೇ?

ಬಸ್ಸಿನವರಿಗೂ ಹೇಳುವುದಿದೆ. ನಮ್ಮ ನಾಲ್ಕೂ ಕಡೆಯ ಡಿಪೋಗಳು ಕಲಬುರಗಿ ಕೇಂದ್ರದ ನಿಗಮಕ್ಕೆ ಸೇರಿದವು. 2000ದಲ್ಲಿ ಈಶಾನ್ಯ ಎಂದು ಹುಟ್ಟಿ 2021ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡ ನಿಗಮ ಅದು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಂಗಸರು ಬಸ್ಸಿಗಾಗಿ ಕಾಯುವುದನ್ನು ಮತ್ತೆ ಕಲಿತಿದ್ದಾರೆ, ಸರಕಿನ ಗಾಡಿ ಬಂದರೂ ಹತ್ತದೆ ನಿಲ್ಲುತ್ತಾರೆ. ಯಾವ ದಂಡವೂ ಮಾಡದ ಕೆಲಸವನ್ನು ಒಂದು ಪುಕ್ಕಟೆ ಟಿಕೆಟ್ ಮಾಡಿತು. ಬಸ್ಸು ಮಾತ್ರ ಬರಬೇಕಲ್ಲ. ಹಳ್ಳಿಯ ರೂಟು ಒಮ್ಮೆ ತಪ್ಪಿದರೆ ಕಾಯ್ದು ನಿಂತವಳು ಸಂಜೆ ಕೂಲಿ ಮುಗಿಸಿ ಮತ್ತದೇ ಹಲಗೆಯ ಮೇಲೆ. ಮದುವೆಗೆ, ಸಮಾರಂಭಕ್ಕೆ ನಿಗಮ ಒಪ್ಪಂದದ ಮೇಲೆ ಬಸ್ಸು ಕೊಡುತ್ತದೆ. ಇದು ಪೇಟೆಯ ಮಂದಿಗೆ ಗೊತ್ತು, ತಾಂಡಾಗಳಿಗೂ ಸಣ್ಣ ಊರುಗಳಿಗೂ ಗೊತ್ತಿಲ್ಲ. ಡಿಪೋದವರು ಪಂಚಾಯಿತಿಯ ಗೋಡೆಗೆ ಒಂದು ಬೋರ್ಡು ಹಚ್ಚಿ ದರ ಬರೆಸಿದರೆ, ಮೂರು ಟ್ರ್ಯಾಕ್ಟರಿನ ಡೀಸೆಲ್ ಜೊತೆ ಒಂದು ಬಸ್ಸಿನ ಬಾಡಿಗೆಯನ್ನು ಹೋಲಿಸಿ ನೋಡುವ ಲೆಕ್ಕ ನಮ್ಮ ಹಿರಿಯರಿಗೆ ಬರುತ್ತದೆ.

ಲಿಂಬಿಕಾಯಿಯ ಗೆಳೆಯನಿಗೂ ಇದನ್ನೇ ಹೇಳಿದೆ. ತನ್ನ ಸರಕಿನ ಜೊತೆ ಬರುವ ರೈತನನ್ನು ಮುಂದೆ ಕ್ಯಾಬಿನ್ನಿನಲ್ಲಿ ಕೂಡಿಸಿಕೋ, ಚೀಲ ಹೇರುವ ಆಳಿನ ಹೆಸರು ವಿಮೆಯ ಲೆಕ್ಕದಲ್ಲಿ ಸೇರಿದೆಯೇ ಎಂದು ಏಜೆಂಟನನ್ನು ಕೇಳಿ ಬರೆಸಿಕೋ, ಉಳಿದವರನ್ನು ಹಿಂದೆ ಹತ್ತಿಸಬೇಡ. “ಮಂದಿ ಬೈತಾರ್ರಿ ಅಣ್ಣಾರ, ಖಾಲಿ ಗಾಡಿ ಇಟ್ಕೊಂಡು ಹತ್ತಿಸಲಿಲ್ಲಂತ,” ಅಂದ. ಬೈಯುತ್ತಾರೆ, ನಿಜ. ಕ್ರಾಸಿನಲ್ಲಿ ನಿಂತಿದ್ದರೆ ನಾನೂ ಬೈದೇನು. ಅದಕ್ಕೇ ಈ ಮಾತು ಗಾಡಿಯವನಿಗೊಬ್ಬನಿಗೇ ಹೇಳಿ ಮುಗಿಸುವಂಥದ್ದಲ್ಲ. ಮುಂದಿನ ವರ್ಷದ ಜಾತ್ರೆ, ಶ್ರಾವಣ ಸೋಮವಾರ, ಮದುವೆಯ ಮುಹೂರ್ತಗಳ ತಿಂಗಳು ಇವೆಲ್ಲ ಪಂಚಾಂಗದಲ್ಲಿ ಈಗಲೇ ಅಚ್ಚಾಗಿವೆ. ಡಿಪೋದ ಮ್ಯಾನೇಜರೂ ಸಾರಿಗೆ ಅಧಿಕಾರಿಗಳೂ ತಹಶೀಲ್ದಾರರೂ ಯುಗಾದಿಯ ಮರುದಿನ ಆ ಪಂಚಾಂಗ ಮುಂದಿಟ್ಟುಕೊಂಡು ಒಂದು ತಾಸು ಕೂತರೆ, ಯಾವ ವಾರ ಯಾವ ಹಳ್ಳಿಗೆ ಎಷ್ಟು ಗಾಡಿ ಬೇಕು ಎಂಬ ಪಟ್ಟಿ ಅಲ್ಲೇ ತಯಾರಾಗುತ್ತದೆ.